ಮೂರು ಸಲ ತಳ ಹಿಡಿದ ಗ್ರೇವಿ

ಜಂಬ ಯಾರಿಗಾದರೂ ಒಪ್ಪುವುದಿದ್ದರೆ ಅದು ಗುಡ್ರುನ್ ಹಾರ್ಟುಂಗ್‌ಗೆ ಒಪ್ಪುತ್ತಿತ್ತು. ಹದಿನೈದನೆಯ ವಯಸ್ಸಿಗೆ ನಮ್ಮ ಪೇಟೆಯ ಪಿಂಗಾಣಿ ಕಾರ್ಖಾನೆಯ ಕ್ಯಾಂಟೀನಿಗೆ ಪಾತ್ರೆ ತಿಕ್ಕಲು ಸೇರಿದವಳು ಇಪ್ಪತ್ತೈದು ತುಂಬುವಷ್ಟರಲ್ಲಿ ಅಲ್ಲಿನ ಮುಖ್ಯ ಅಡುಗೆಯವಳಾಗಿದ್ದಳು. ದಿನಕ್ಕೆ ನೂರೆಂಬತ್ತು ತಟ್ಟೆ, ಹನ್ನೆರಡು ಹೊಡೆಯುವಾಗ ಊಟ. ಗಂಟೆ ತಪ್ಪಿದ್ದನ್ನು ಕಂಡವರಿಲ್ಲ, ಅನ್ನ ಹಳಸಿದ್ದನ್ನು ಕೇಳಿದವರಿಲ್ಲ. ಸರ್ಕಾರ ಒಮ್ಮೆ ಒಂದು ಪದಕವನ್ನೂ ಕೊಟ್ಟಿತು. ಅದನ್ನು ಅವಳು ಅಡುಗೆಮನೆಯ ಸೆಳೆಖಾನೆಯಲ್ಲಿ ದಾರದ ಉಂಡೆಯ ಪಕ್ಕ ಹಾಕಿಟ್ಟಿದ್ದಳು. ಕೇಳಿದವರಿಗೆ, "ದಾರ ಉಪಯೋಗಕ್ಕೆ ಬರುತ್ತೆ, ಇದು ಬರಲ್ಲ" ಎನ್ನುತ್ತಿದ್ದಳು.

ಆದರೆ ಅವಳ ನಿಜವಾದ ಜಂಬ ಕ್ಯಾಂಟೀನಿನದಲ್ಲ, ಮನೆಯದು. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಅವಳು ರೂಲಾಡೆ ಮಾಡಿದರೆ ಬೀದಿಯ ಆ ತುದಿಯವರೆಗೂ ಮೂಗುಗಳು ಎಚ್ಚರಗೊಳ್ಳುತ್ತಿದ್ದವು. ದನದ ಮಾಂಸದ ಅಗಲ ಹೋಳಿಗೆ ಅರೆದ ಸಾಸಿವೆ ಸವರಿ, ಹೊಗೆ ಹಾಕಿದ ಹಂದಿಮಾಂಸದ ಪಟ್ಟಿ, ಈರುಳ್ಳಿ, ಹುಳಿ ಸೌತೆಕಾಯಿ ಇಟ್ಟು, ಸುರುಳಿ ಸುತ್ತಿ, ದಾರ ಕಟ್ಟಿ ಬೇಯಿಸುವುದು. ಇಷ್ಟನ್ನು ಜರ್ಮನಿಯಲ್ಲಿ ಎಲ್ಲರೂ ಮಾಡುತ್ತಾರೆ. ಗುಡ್ರುನ್ ಹೇಳುತ್ತಿದ್ದುದು ಬೇರೆ. "ಮಾಂಸ ಯಾರು ಬೇಕಾದ್ರೂ ಸುತ್ತಬಹುದು. ಗ್ರೇವಿ ಮಾಡಿ ತೋರಿಸ್ಲಿ."

ಆ ಗ್ರೇವಿ ಅವಳ ತಾಯಿಯದು. ಯುದ್ಧ ಮುಗಿದ ಮರುವರ್ಷದ ಚಳಿಗಾಲ, ಅಪ್ಪ ರಷ್ಯಾದಿಂದ ಹಿಂತಿರುಗಲಿಲ್ಲ, ಮನೆಯಲ್ಲಿ ತಾಯಿ ಮತ್ತು ಇಬ್ಬರು ಹುಡುಗಿಯರು. ಮೂರು ಹೊಟ್ಟೆಗೆ ಒಂದೇ ಒಂದು ಸುರುಳಿ. ತಾಯಿ ಅದನ್ನು ಮೂರು ತುಂಡು ಮಾಡಿ ಬಡಿಸಿ, "ಮಾಂಸ ನೋಡೋಕೆ, ಗ್ರೇವಿ ತಿನ್ನೋಕೆ" ಎನ್ನುತ್ತಿದ್ದಳು. ಪಾತ್ರೆಯ ತಳ ಹಿಡಿಯುವವರೆಗೆ ಕಾಯಬೇಕು, ಒಂದು ಸೌಟು ನೀರು ಹೊಯ್ದು ಮರದ ಸಟ್ಟುಗದಿಂದ ಕೆರೆದು ಬಿಡಿಸಬೇಕು, ಮತ್ತೆ ತಳ ಹಿಡಿಸಬೇಕು. ಮೂರು ಸಲ. ಹಿಡಿಯಬೇಕು, ಸೀಯಬಾರದು. ದೊಡ್ಡವಳು ಹೆರ್ಟಾ ಆಲೂಗಡ್ಡೆ ತುರಿಯುತ್ತಿದ್ದಳು, ಚಿಕ್ಕವಳು ಗುಡ್ರುನ್ ಸ್ಟೂಲಿನ ಮೇಲೆ ನಿಂತು ತಳ ಕೆರೆಯುತ್ತಿದ್ದಳು. ನಲವತ್ತು ವರ್ಷ ದಾಟಿದರೂ ಆ ಕೈಗೆ ಆ ಕೆಲಸ ಬೇಸರವಾಗಿರಲಿಲ್ಲ.

ಹೆರ್ಟಾ ಮಾತ್ರ ಆ ಮನೆಯಲ್ಲಿ ಉಳಿಯಲಿಲ್ಲ. ಐವತ್ತೆಂಟರಲ್ಲಿ ಒಂದು ಭಾನುವಾರ, ಇದೇ ಊಟ ಮುಗಿಸಿ, ಬರ್ಲಿನ್ನಿನಲ್ಲಿ ಗೆಳತಿಯ ಮದುವೆ ಎಂದು ಕೈಚೀಲ ಹಿಡಿದು ರೈಲು ಹತ್ತಿದವಳು ಪಶ್ಚಿಮ ಜರ್ಮನಿಗೆ ಹೋಗಿಬಿಟ್ಟಳು. ಮೂರು ವರ್ಷಕ್ಕೆ ಬರ್ಲಿನ್ನಿನಲ್ಲಿ ಗೋಡೆ ಎದ್ದಿತು. ನಮ್ಮ ಪೇಟೆಯೋ ಪೂರ್ವ ಜರ್ಮನಿಯಲ್ಲಿ, ತ್ಯೂರಿಂಗನ್ ಕಾಡಿನ ದಕ್ಷಿಣದ ಅಂಚಿನಲ್ಲಿ, ಎರಡು ಜರ್ಮನಿಗಳ ಗಡಿಯ ಮುಳ್ಳುತಂತಿಗೆ ಅಂಟಿಕೊಂಡಂತಿತ್ತು. ಪಕ್ಕದ ಊರಿನವರು ಬರಬೇಕಾದರೂ ಪೊಲೀಸರ ಮೊಹರು ಬೇಕು, ಪಶ್ಚಿಮದವರಿಗಂತೂ ಆಸೆಯೇ ಬೇಡ. ತಾಯಿ ಸತ್ತಾಗಲೂ ಹೆರ್ಟಾಗೆ ಬರಲಾಗಲಿಲ್ಲ. ಈ ಸಂಗತಿ ಬಂದಾಗೆಲ್ಲ ಗುಡ್ರುನ್ ಅಳುತ್ತಿರಲಿಲ್ಲ, ಸಿಟ್ಟಾಗುತ್ತಿದ್ದಳು. "ಆ ಭಾನುವಾರ ಪಾತ್ರೆ ತೊಳಿಯೋ ಸರದಿ ಅವಳದಿತ್ತು. ತೊಳೀದೆ ಹೋದ್ಳು."

ಅಕ್ಕನ ಬದಲಿಗೆ ಬಂದದ್ದು ಪೊಟ್ಟಣಗಳು. ವರ್ಷಕ್ಕೆ ಎರಡು, ಈಸ್ಟರಿಗೊಂದು, ಕ್ರಿಸ್‌ಮಸ್ಸಿಗೊಂದು. ಪ್ರತಿಯೊಂದರ ಮೇಲೂ ಕಾನೂನಿನ ಪ್ರಕಾರ ಒಂದೇ ಸಾಲು: 'ಉಡುಗೊರೆ ಪೊಟ್ಟಣ, ಮಾರಾಟದ ಸರಕಲ್ಲ.' ಒಳಗೆ ಕಾಫಿಪುಡಿ, ಚಾಕೊಲೇಟು, ಉದ್ದ ಕಾಲುಚೀಲ, ಜೊತೆಗೆ ತಪ್ಪದೆ ನಾಲ್ಕು ಲಕೋಟೆ ಗ್ರೇವಿ ಪುಡಿ. ಬಿಸಿನೀರಿಗೆ ಕದಡಿದರೆ ಗ್ರೇವಿ! ಕಾಫಿ ಕುಡಿಯುತ್ತಿದ್ದಳು, ಕಾಲುಚೀಲ ತೊಡುತ್ತಿದ್ದಳು, ಪೊಟ್ಟಣದ ಕಂದು ಕಾಗದವನ್ನೂ ಹುರಿಯನ್ನೂ ಜೋಪಾನವಾಗಿ ಮಡಿಸಿ ಇಡುತ್ತಿದ್ದಳು. ಗ್ರೇವಿ ಪುಡಿ ಕಂಡರೆ ಮಾತ್ರ ಮೈ ಉರಿಯುತ್ತಿತ್ತು. "ನನಗೆ, ಗ್ರೇವಿ ಪುಡಿ!" ಎನ್ನುತ್ತಿದ್ದಳು. ಅವಳ ಗಂಡ ಎಗೋನ್ ಕಾರ್ಖಾನೆಯ ಭಟ್ಟಿಯಲ್ಲಿ ಕೆಲಸ ಮಾಡುವವನು, ಮಾತಿಗಿಂತ ಬೆವರು ಜಾಸ್ತಿ. ಅವನು ಆ ಲಕೋಟೆಗಳನ್ನು ತನ್ನ ಭಟ್ಟಿಯ ಗೆಳೆಯರಿಗೆ ಹಂಚಿ ಮನೆಯಲ್ಲಿ ಶಾಂತಿ ಕಾಪಾಡುತ್ತಿದ್ದ.

ಹೀಗಿರುವಾಗ ಗೋಡೆ ಬಿತ್ತು. ಎರಡು ತಿಂಗಳಿಗೆ, ತೊಂಬತ್ತರ ಜನವರಿಯಲ್ಲಿ, ಹೆರ್ಟಾಳ ಕಾಗದ ಬಂತು: ಗಂಡ ಹಿನ್ರಿಖ್ ಜೊತೆ ಭಾನುವಾರ ಊಟಕ್ಕೆ ಬರುತ್ತೇನೆ, ನೀನೇನೂ ಕಷ್ಟಪಡಬೇಡ, ಅಲ್ಲಿ ಏನೂ ಸಿಗುವುದಿಲ್ಲವೆಂದು ಗೊತ್ತು.

ಆ ಕೊನೆಯ ಮಾತನ್ನು ಗುಡ್ರುನ್ ಎರಡು ಸಲ ಓದಿದಳು. ಅಕ್ಕ ಬರುತ್ತಾಳೆಂಬ ಸಂತೋಷ ಒಂದು ಕಡೆ, ಈ ಮಾತು ಇನ್ನೊಂದು ಕಡೆ. ಬರುವವಳು ತಾಯಿಯ ಮಗಳೋ, ಬಡಪಾಯಿಗಳಿಗೆ ಪೊಟ್ಟಣ ಕೊಡಲು ಬರುವ ಪಶ್ಚಿಮದ ನೆಂಟಳೋ? ಆ ಪ್ರಶ್ನೆಗೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ತನ್ನ ಮೇಜಿನ ಮೇಲೇ ಉತ್ತರ ಸಿಗಬೇಕೆಂದು ಅವಳು ತೀರ್ಮಾನಿಸಿದಳು.

"ರೂಲಾಡೆ," ಎಂದಳು ಎಗೋನ್‌ಗೆ. "ಎಂಟು. ತಲೆಗೆ ಎರಡು."

ನಮ್ಮಲ್ಲಿ ನೆಂಟರಿಗೆ ತಲೆಗೊಂದೇ ರೂಲಾಡೆ ಬಡಿಸಿದರೆ ಬಾಗಿಲಲ್ಲೇ 'ಹೋಗಿ ಬನ್ನಿ' ಎಂದಂತೆ. ಗುಡ್ರುನ್ ಸೋಮವಾರವೇ ಕಟುಕ ಲೋಟಾರ್‌ಗೆ ಹೇಳಿಬಂದಳು. ಲೋಟಾರ್ ಅವಳ ಜೊತೆ ಶಾಲೆಗೆ ಹೋದವನು. ಒಳ್ಳೆಯ ಮಾಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡದೆ ಗಲ್ಲೆಯ ಕೆಳಗೆ ಇಡುತ್ತಿದ್ದ. ಬೇಕಾದವರಿಗೆ ಬಗ್ಗಿ ಎತ್ತಿ ಕೊಡುತ್ತಿದ್ದ. ಶನಿವಾರ ಬೆಳಿಗ್ಗೆ ಬಗ್ಗಿದವನು ನಾಲ್ಕೇ ಹೋಳು ಎತ್ತಿ ಕಾಗದದ ಮೇಲಿಟ್ಟ.

"ಎಂಟು ಹೇಳಿದ್ದೆ ಕಣೋ!"

"ಹೇಳಿದ್ದೆ, ಇಲ್ಲ ಅಂದೋರು ಯಾರು? ಮಾಂಸದ ಲಾರಿನೇ ಬಂದಿಲ್ಲ. ಡ್ರೈವರು ಪಶ್ಚಿಮ ಹೆಂಗಿದೆ ನೋಡ್ಕೊಂಡು ಬರ್ತೀನಿ ಅಂತ ಹೋಗಿದಾನಂತೆ. ವಾಪಸ್ ಬರ್ತಾನೋ, ಅಲ್ಲೇ ಲಾರಿ ಓಡಿಸ್ತಾನೋ! ಈ ನಾಲ್ಕೂ ನಮ್ಮನೆಗೆ ಅಂತ ಎತ್ತಿಟ್ಕೊಂಡಿದ್ದು."

"ಮತ್ತೆ ನಿನ್ನ ಹೆಂಡ್ತಿಗೆ ಏನು ಹೇಳ್ತೀಯ?"

"ಮೊಟ್ಟೆ ಬೇಯಿಸು ಅಂತೀನಿ. ಸುಮ್ನೆ ತಗೊಂಡ್ ಹೋಗೆ. ನಿಮ್ಮಕ್ಕಂಗೆ ನಾನೂ ಕೇಳ್ದೆ ಅಂತ ಹೇಳು. ಡಾನ್ಸಿನಲ್ಲಿ ನನ್ನ ಕಾಲು ತುಳಿದವಳು ಅವಳೇ."

ಗುಡ್ರುನ್ ನಾಲ್ಕು ಹೋಳು ಹಿಡಿದು ಮನೆಗೆ ಬಂದು ಕುರ್ಚಿಯಲ್ಲಿ ಕೋಟು ಬಿಚ್ಚದೆ ಕುಳಿತಳು. ಎಗೋನ್ ಕಾಗದ ಬಿಚ್ಚಿ ನೋಡಿದ, ಗಲ್ಲ ಕೆರೆದುಕೊಂಡ.

"ಕ್ಯಾಂಟೀನಿನ ತಣ್ಣನೆ ಕೋಣೆಲಿ ಒಂದು ಇಡೀ ತೊಡೆ ನೇತಾಡ್ತಿದೆ," ಎಂದ. "ಬೀಗದ ಕೈ ನಿನ್ನ ಹತ್ರಾನೇ ಇದೆ."

"ಅದು ಸೋಮವಾರದ್ದು."

"ಈಗ ಯಾರು ಕೇಳ್ತಾರೆ ಮಾರಾಯ್ತಿ? ಡೈರೆಕ್ಟರು ತನ್ನ ಮೇಜನ್ನೇ ಗಾಡಿಗೆ ಹಾಕ್ಕೊಂಡು ಹೋದ. ಜೊತೆಗೆ ಪರದೆ! ನಾಲ್ಕು ಹೋಳು ಕಡಿಮೆಯಾದ್ರೆ ಲೆಕ್ಕಕ್ಕೇ ಸಿಗಲ್ಲ."

"ಡೈರೆಕ್ಟರು ಪರದೆ ಹೊತ್ಕೊಂಡು ಹೋಗ್ಲಿ. ಮೂವತ್ತೆಂಟು ವರ್ಷ ಆ ಅಡುಗೆಮನೆಯಿಂದ ಒಂದು ಚಮಚ ಉಪ್ಪು ಈ ಮನೆಗೆ ಬಂದಿದ್ಯಾ? ಹೇಳು, ಬಂದಿದ್ಯಾ?"

"ಇಲ್ಲ," ಎಂದ ಎಗೋನ್. ಇಷ್ಟು ವರ್ಷದಲ್ಲಿ ಅವನಿಗೆ ಅವಳ ಈ ಹಟದಿಂದ ಎಷ್ಟೋ ಸಲ ನಾಲಿಗೆ ಚಪ್ಪೆಯಾಗಿತ್ತು, ಆದರೂ 'ಇಲ್ಲ' ಎನ್ನುವಾಗ ಅವನ ದನಿಯಲ್ಲೂ ಸ್ವಲ್ಪ ಹೆಮ್ಮೆ ಇತ್ತು.

"ಹಾಗಾದ್ರೆ ಸುಮ್ನಿರು. ಅಕ್ಕಂಗೆ ಕದ್ದ ಮಾಂಸ ಹಾಕಿ, ನೋಡು ನಮ್ಮಲ್ಲೂ ಎಲ್ಲ ಸಿಗುತ್ತೆ ಅಂತ ಹೇಳ್ಲಾ?"

ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಅವಳು ಚಾಕು ಮಸೆದಳು. ಮಸೆದದ್ದೇ ಮಸೆದದ್ದು, ಎಗೋನ್ ಹಾಸಿಗೆಯಿಂದಲೇ, "ಯಾರನ್ನ ಕೊಲ್ಬೇಕು?" ಎಂದು ಕೇಳಿದ. ಲೋಟಾರ್‌ನ ಕೈ ಉದಾರ, ಹೋಳುಗಳು ದಪ್ಪವಾಗಿದ್ದವು. ಒಂದನ್ನು ಮಣೆಯ ಮೇಲೆ ಹಾಸಿ, ಅದರ ಮೇಲೆ ಎಡಗೈಯ ಅಂಗೈಯನ್ನು ಚಪ್ಪಟೆಯಾಗಿ ಒತ್ತಿ ಹಿಡಿದು, ಚಾಕುವನ್ನು ಅಡ್ಡಡ್ಡಲಾಗಿ ಒಳಗೆ ನಡೆಸಿದಳು. ಅಂಗೈಯ ಕೆಳಗೆ ಬ್ಲೇಡು ಸರಿಯುವುದು ಅವಳಿಗೆ ತಿಳಿಯುತ್ತಿತ್ತು. ಒಂದು ಕೂದಲೆಳೆ ಮೇಲೆ ಹೋದರೆ ತೂತು. ಮೊದಲ ಹೋಳು ಎರಡಾಯಿತು, ಎರಡನೆಯದು ಎರಡಾಯಿತು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಉಸಿರು ಬಿಡಲು ಮರೆತಿದ್ದಳು. ಎಂಟು ಹೋಳು, ಒಂದರಲ್ಲೂ ತೂತಿಲ್ಲ. ಕ್ಯಾಂಟೀನಿನ ಹುಡುಗಿಯರು ಯಾರಾದರೂ ನೋಡಬೇಕಿತ್ತು ಎಂದುಕೊಂಡಳು. ನೋಡಲು ಇದ್ದದ್ದು ಎಗೋನ್ ಒಬ್ಬನೇ, ಅವನು ಹಲ್ಲುಜ್ಜುತ್ತಾ ಬಂದು ಬುರುಶ್ ಬಾಯಲ್ಲೇ ಇಟ್ಟುಕೊಂಡು ತಲೆದೂಗಿದ.

ಸಾಸಿವೆ ಸವರಿ, ತುಂಬಿ, ಎರಡು ಬದಿಯ ಅಂಚುಗಳನ್ನು ಒಳಮಡಿಸಿ, ಬಿಗಿಯಾಗಿ ಸುತ್ತಿ, ಬಿಳಿಯ ದಾರ ಕಟ್ಟಿದಳು. ಕಬ್ಬಿಣದ ದಪ್ಪ ಪಾತ್ರೆಯಲ್ಲಿ ಹಂದಿಯ ಕೊಬ್ಬು ಕಾಯಿಸಿ ಸುರುಳಿಗಳನ್ನು ಎಲ್ಲ ಮಗ್ಗುಲೂ ಕೆಂಪಗೆ ಹುರಿದು ತೆಗೆದಿಟ್ಟಳು. ಈರುಳ್ಳಿ, ಕ್ಯಾರೆಟ್, ಸೆಲರಿ ಗೆಡ್ಡೆ ಬಿದ್ದವು. ನಂತರ ಅವಳು ಏನೂ ಮಾಡದೆ ಪಾತ್ರೆಯ ಮುಂದೆ ನಿಂತಳು. ಅಡುಗೆ ಅರಿಯದವರಿಗೆ ಅದು ಸುಮ್ಮನೆ ನಿಂತಂತೆ ಕಾಣುತ್ತದೆ. ಚುರುಗುಟ್ಟುವ ಸದ್ದು ಸಣ್ಣಗಾಗಿ, ಇನ್ನೇನು ನಿಲ್ಲಬೇಕು ಎನ್ನುವಾಗ ಒಂದು ಸೌಟು ನೀರು, ಕೆರೆತ. ಮತ್ತೆ ಕಾಯುವುದು. ಇನ್ನೊಂದು ಸೌಟು, ಕೆರೆತ. ಮೂರನೆಯ ಸಲಕ್ಕೆ ತಳದ ಬಣ್ಣ ಹಳೆಯ ಚರ್ಮದ ಚೀಲದಂತಾಗಿತ್ತು, ವಾಸನೆ ತಾಯಿಯ ಏಪ್ರನ್ನಿನದಾಗಿತ್ತು. ಸುರುಳಿಗಳನ್ನು ಮತ್ತೆ ಮಲಗಿಸಿ, ಸೌತೆಕಾಯಿಯ ಹುಳಿನೀರು ಸ್ವಲ್ಪ, ಕಪ್ಪು ಬ್ರೆಡ್ಡಿನ ಒಂದು ಗಟ್ಟಿ ಅಂಚು, ಎರಡು ಪಲಾವ್ ಎಲೆ ಹಾಕಿ ಮುಚ್ಚಿದಳು. ಅತ್ತ ಎಗೋನ್ ಆಲೂಗಡ್ಡೆ ತುರಿದು, ಬಟ್ಟೆಯ ಚೀಲದಲ್ಲಿ ತುಂಬಿ, ಭಟ್ಟಿ ಕೆಲಸದ ತೋಳಿನಿಂದ ನೀರೆಲ್ಲ ಹಿಂಡಿ ಕಡುಬಿಗೆ ಸಿದ್ಧಮಾಡಿದ.

ಹನ್ನೊಂದಕ್ಕೆ ಕಾರು ಬಂತು. ಗಡಿಯಾಚೆ ಕೋಬುರ್ಗ್‌ನ ಹೋಟೆಲಿನಲ್ಲಿ ರಾತ್ರಿ ಕಳೆದು ಬಂದಿದ್ದರು. ಇಳಿದವಳ ಕೂದಲು ಹೊಂಬಣ್ಣ, ಕೋಟು ಮೆತ್ತಗೆ, ನಡಿಗೆ ಮಾತ್ರ ತಾಯಿಯದೇ, ಎಡಗಾಲು ಸ್ವಲ್ಪ ಹೊರಕ್ಕೆ. ಅಕ್ಕ ತಂಗಿ ಬಾಗಿಲಲ್ಲಿ ಅಪ್ಪಿಕೊಂಡರು. ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹಿನ್ರಿಖ್ ಡಿಕ್ಕಿಯಿಂದ ಎರಡು ಪೆಟ್ಟಿಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟ, ಹೆರ್ಟಾ ಒಂದೊಂದಾಗಿ ಹೊರತೆಗೆದಳು. ಬಾಳೆಹಣ್ಣು. ಕಾಫಿ. ಬಾಟಲಿಯಲ್ಲಿ ಬೇಯಿಸಿಟ್ಟ ಕೆಂಪು ಕೋಸು. ಚೀಲ ಸಮೇತ ಕುದಿಸುವ ಕಡುಬು. ಕೊನೆಗೆ ಗ್ರೇವಿ ಪುಡಿ, ಹನ್ನೆರಡು ಲಕೋಟೆ.

"ನೀನು ಒದ್ದಾಡೋದು ಬೇಡ ಅಂತ ತಂದೆ ಕಣೇ. ಇದೊಂದು ಲಕೋಟೆ ಕದಡು, ಐದು ನಿಮಿಷ ಸಾಕು."

"ಗ್ರೇವಿ ಆಗಿದೆ ಅಕ್ಕ."

"ಜೊತೆಗೆ ಹಾಕು ಅಂತ ಅಂದೆ. ಗಟ್ಟಿ ಬರುತ್ತೆ."

"ಹೆರ್ಟಾ," ಎಂದಳು ಗುಡ್ರುನ್, ಕ್ಯಾಂಟೀನಿನಲ್ಲಿ ನೂರೆಂಬತ್ತು ಜನ ತಲೆ ಎತ್ತುವ ದನಿಯಲ್ಲಿ, "ಗ್ರೇವಿ ಆಗಿದೆ."

ಹನ್ನೆರಡು ಲಕೋಟೆಗಳನ್ನೂ ಎತ್ತಿ ಬೀರುವಿನ ತಲೆಯ ಮೇಲೆ ಇಟ್ಟಳು. ಅವಳ ಕಿವಿ ಕೆಂಪಾಗಿತ್ತು. ಎಗೋನ್ ಗಡಿಬಿಡಿಯಿಂದ ಹಿನ್ರಿಖ್‌ಗೆ ತನ್ನ ಪಾರಿವಾಳದ ಗೂಡು ತೋರಿಸಲು ಕರೆದೊಯ್ದ.

ಹನ್ನೆರಡು ಹೊಡೆಯಿತು, ಊಟಕ್ಕೆ ಕುಳಿತರು. ಕಾರ್ಖಾನೆಯ ತಟ್ಟೆಯಂಚಿನ ಚಿನ್ನದ ಗೆರೆಯನ್ನು ನೋಡಿ ಹೆರ್ಟಾ, "ಅಯ್ಯೋ, ನನ್ನ ಹತ್ರಾನೂ ಇದೇ ಸೆಟ್ ಇದೆ!" ಎಂದಳು.

"ಇರುತ್ತೆ. ಚೆನ್ನಾಗಿರೋದೆಲ್ಲ ನಿಮ್ಮ ಕಡೆಗೇ ಕಳಿಸ್ತಿದ್ವಿ," ಎಂದ ಎಗೋನ್. "ಚುಕ್ಕೆ ಬಿದ್ದಿದ್ದು ನಮಗೆ. ನಿಮ್ಮ ತಟ್ಟೆ ಸುಟ್ಟಿದ್ದೂ ನಾನೇ ಇರಬೇಕು, ಅತ್ತಿಗೆ."

ಕಡುಬು ಬಂತು, ಮುದ್ದೆಯಷ್ಟು ದುಂಡಗೆ, ಹಬೆಯಾಡುತ್ತಾ. ಕೆಂಪು ಕೋಸು ಬಂತು. ದೊಡ್ಡ ತಟ್ಟೆಯಲ್ಲಿ ಎಂಟು ಸುರುಳಿಗಳು. ಬೆಂದು ಕುಗ್ಗಿ ಒಂದೊಂದೂ ಬೆರಳಿನಷ್ಟಾಗಿದ್ದವು. ಅವು ಎಷ್ಟು ಸಣ್ಣವು ಎನ್ನುವುದು ಗುಡ್ರುನ್‌ಗೆ ಮೇಜಿನ ಮೇಲೆ ಇಟ್ಟಾಗಲೇ ಕಂಡದ್ದು. ಆದರೂ ತಲೆಗೆ ಎರಡು ಬಡಿಸಿ, ಗ್ರೇವಿಯ ಜಗ್ಗನ್ನು ಅಕ್ಕನ ಮುಂದಿಟ್ಟಳು.

ಆಗ ಹಿನ್ರಿಖ್ ಚಾಕು ತೆಗೆದುಕೊಂಡು ಕಡುಬನ್ನು ಕಚಕ್ಕನೆ ಎರಡು ಹೋಳು ಮಾಡಿದ.

ಎಗೋನ್ ಕೆಮ್ಮಿದ. ನಮ್ಮಲ್ಲಿ ಕಡುಬಿಗೆ ಚಾಕು ಹಾಕುವವರಿಲ್ಲ. ಎರಡು ಫೋರ್ಕಿನಿಂದ ಹರಿಯಬೇಕು. ಚಾಕು ಹಾಕಿದರೆ 'ನಿನ್ನ ಕಡುಬು ಕಲ್ಲು' ಎಂದು ಮಾಡಿದವಳ ಮುಖಕ್ಕೇ ಹೇಳಿದಂತೆ. ಅದಲ್ಲದೆ ಕತ್ತರಿಸಿದ ಮುಖ ನುಣುಪು, ಗ್ರೇವಿ ಜಾರಿ ಹೋಗುತ್ತದೆ. ಹರಿದ ಮುಖವೇ ಗ್ರೇವಿ ಹೀರುವುದು. ಪಾಪ, ಹಿನ್ರಿಖ್ ಬ್ರೆಮೆನ್ನಿನವನು, ಸಮುದ್ರದ ಕಡೆಯವನು, ಅವನಿಗೆ ಮೀನು ಗೊತ್ತು. ಗುಡ್ರುನ್ ಅವನನ್ನು ಕ್ಷಮಿಸಿದಳು. ಅವಳ ಕಣ್ಣು ಇದ್ದದ್ದು ಅಕ್ಕನ ಕೈಯ ಮೇಲೆ.

ಹೆರ್ಟಾ ಚಾಕು ಎತ್ತಿಕೊಂಡಳು. ಕತ್ತರಿಸಿದಳು.

ಮೂವತ್ತೊಂದು ವರ್ಷದ ಮುಳ್ಳುತಂತಿ ಮಾಡದ ಗಾಯವನ್ನು ಆ ಚಾಕು ಮಾಡಿತು. ಮುಗಿಯಿತು, ಅಂದುಕೊಂಡಳು ಗುಡ್ರುನ್. ಇವಳು ನೆಂಟಳು. ಒಳ್ಳೆಯ ನೆಂಟಳು, ಪೊಟ್ಟಣ ಕಳಿಸುತ್ತಾಳೆ, ಅಷ್ಟೆ. ಹೆರ್ಟಾ ಒಂದು ಚೂರು ಬಾಯಿಗಿಟ್ಟು, "ಚೆನ್ನಾಗಿದೆ," ಎಂದಳು, ಹೋಟೆಲಿನವನಿಗೆ ಹೇಳುವಂತೆ. ಎರಡನೆಯ ಚೂರಿಗೆ ಗ್ರೇವಿ ಹೊಯ್ದುಕೊಂಡಳು. ಅದು ಜಾರಿ ತಟ್ಟೆಗೆ ಇಳಿಯಿತು. ಚಮಚದಿಂದ ಬಳಿದು ಬಾಯಿಗಿಟ್ಟಳು.

ಇಟ್ಟವಳು ಅಗಿಯುವುದನ್ನು ನಿಲ್ಲಿಸಿದಳು.

"ಎಷ್ಟು ಸಲ?" ಎಂದು ಕೇಳಿದಳು.

"ಏನು ಎಷ್ಟು ಸಲ?"

"ತಳ. ಎಷ್ಟು ಸಲ ಹಿಡಿಸಿದೆ?"

"ಮೂರು," ಎಂದಳು ಗುಡ್ರುನ್. "ಇನ್ನೆಷ್ಟು?"

ಹೆರ್ಟಾ ಚಾಕುವನ್ನು ತಟ್ಟೆಯಿಂದ ಆಚೆ, ಮೇಜುಬಟ್ಟೆಯ ಮೇಲೆ ಇಟ್ಟಳು. ಬಡಿಸುವ ಫೋರ್ಕನ್ನು ಎಳೆದುಕೊಂಡು, ಎರಡು ಕೈಯಲ್ಲಿ ಎರಡು ಫೋರ್ಕ್ ಹಿಡಿದು ಇನ್ನೊಂದು ಕಡುಬನ್ನು ಹರಿದಳು. ನಡುವೆ ಚಮಚದಿಂದ ಒಂದು ಗುಳಿ ಒತ್ತಿ, ಎಂಟು ವರ್ಷದ ಹುಡುಗಿ ಮಾಡುವಂತೆ ಅದರ ತುಂಬ ಗ್ರೇವಿ ಹೊಯ್ದಳು. ಆಮೇಲೆ ಗಂಡನ ಕಡೆ ತಿರುಗಿದಳು. ಬಂದದ್ದು ತಾಯಿಯ ದನಿ, ಉಚ್ಚಾರವೂ ನಮ್ಮ ಪೇಟೆಯದೇ:

"ಹಿನ್ರಿಖ್, ಚಾಕು ಕೆಳಗಿಡಿ. ನಾಚಿಕೆ ಆಗಲ್ವಾ ನಿಮ್ಗೆ?"

"ನಾನೇನು ಮಾಡ್ದೆ?" ಎಂದು ಅವನು ಬೆಪ್ಪಾದ. "ಇಷ್ಟು ವರ್ಷ ನೀನೂ ಹಂಗೇ ತಿಂದಿದ್ದಲ್ವಾ?"

"ಇಷ್ಟು ವರ್ಷ ನಾನು ತಿಂದಿದ್ದು ಗ್ರೇವಿನೇ ಅಲ್ಲ."

ಎಗೋನ್ ಎರಡು ಫೋರ್ಕ್ ತಂದು ಅವನ ಕೈಗೆ ಕೊಟ್ಟು, ಹರಿಯುವುದನ್ನು ತೋರಿಸಿಕೊಟ್ಟ. ಹೆರ್ಟಾ ತಟ್ಟೆ ನೋಡುತ್ತಲೇ ಮಾತಾಡಿದಳು.

"ಮೊದಮೊದ್ಲು ಮಾಡಿ ನೋಡಿದೆ ಕಣೇ. ವರ್ಷಗಟ್ಲೆ. ಒಂದು ಸಲ ಸೀದು ಹೋಗೋದು, ಒಂದು ಸಲ ನೀರಾಗೋದು. ನಂಗೆ ಗೊತ್ತಿದ್ದಿದ್ದು ಆಲೂಗಡ್ಡೆ ತುರಿಯೋದು ಮಾತ್ರ. ಕೆರಿಯೋಳು ನೀನಲ್ವಾ! ಕಾಗದದಲ್ಲಿ ಕೇಳೋಕೆ ನಾಚಿಕೆ ಆಗ್ತಿತ್ತು. ಆಮೇಲೆ ಆ ಪುಡಿ ಸಿಕ್ತು. ಇದ್ದಿದ್ರಲ್ಲಿ ಅದೇ ಸ್ವಲ್ಪ ಹತ್ರ ಅನ್ನಿಸ್ತು. ಅದಕ್ಕೇ ನಿಂಗೂ ಕಳಿಸ್ತಿದ್ದೆ."

ಗುಡ್ರುನ್‌ಗೆ ಇಷ್ಟು ವರ್ಷದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅಕ್ಕ ಕಳಿಸಿದ್ದು ದಾನವಲ್ಲ, ತನ್ನ ಬಾಯಿಗೆ ಸಿಕ್ಕಿದ್ದರಲ್ಲಿ ಒಳ್ಳೆಯದನ್ನು. ನಾಲ್ಕು ಲಕೋಟೆಯಂತೆ ವರ್ಷಕ್ಕೆ ಎರಡು ಸಲ ಅವಳು, "ನಿನ್ನ ಕೈಯ ಗ್ರೇವಿ ಬೇಕು" ಎಂದು ಕೇಳುತ್ತಾ ಬಂದಿದ್ದಳು. ಗುಡ್ರುನ್‌ಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆ ಬಂತು. ಎದೆಯಲ್ಲಿ ಹಿಡಿಸದಷ್ಟು ಹೆಮ್ಮೆ.

"ಎಷ್ಟು ಸಣ್ಣ ಸುತ್ತಿದೀಯ," ಎಂದಳು ಹೆರ್ಟಾ, ದಾರ ಬಿಚ್ಚುತ್ತಾ. "ಅಮ್ಮ ಸುತ್ತಿದ ಹಾಗೇ ಇದೆ."

"ಲೋಟಾರ್ ನಾಲ್ಕೇ ಕೊಟ್ಟ. ಸೀಳಿ ಎಂಟು ಮಾಡ್ದೆ," ಎಂದಳು ಗುಡ್ರುನ್. ಬೆಳಗಿನಿಂದ ಮುಚ್ಚಿಡಬೇಕೆಂದಿದ್ದ ಮಾತು ಬಡಾಯಿಯಂತೆ ಹೊರಬಂತು. "ಒಂದ್ರಲ್ಲೂ ತೂತಿಲ್ಲ, ನೋಡ್ಕೋ."

ಹೆರ್ಟಾ ಸುರುಳಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನಿಜವಾಗಿಯೂ ನೋಡಿದಳು. ತೂತಿರಲಿಲ್ಲ.

ಊಟ ಮುಗಿಯಿತು. ಗುಡ್ರುನ್ ಏಳುವ ಮೊದಲೇ ಹೆರ್ಟಾ ಎದ್ದು, ಮೆತ್ತಗಿನ ಸ್ವೆಟರಿನ ತೋಳು ಮಡಿಸಿ, ಮೊಳೆಗೆ ತೂಗಿದ್ದ ಏಪ್ರನ್ ಕಟ್ಟಿಕೊಂಡಳು.

"ನೀನು ಕೂತ್ಕೋ. ಸರದಿ ನಂದು."

"ನೆನಪಿದ್ಯಾ!"

"ರೈಲಿನಲ್ಲೇ ನೆನಪಾಯ್ತು. ಇಳಿದು ಬರೋಣ ಅನ್ನಿಸಿತ್ತು," ಎಂದಳು ಹೆರ್ಟಾ. ತಟ್ಟೆಗಳನ್ನೆಲ್ಲ ತೊಳೆದು, ಕೊನೆಗೆ ಕಬ್ಬಿಣದ ಪಾತ್ರೆಯ ಮುಂದೆ ಸುಮ್ಮನೆ ನಿಂತಳು. ತಳದಲ್ಲಿ ಮೂರು ನಾಲ್ಕು ಸೌಟು ಗ್ರೇವಿ ಉಳಿದಿತ್ತು. "ಗುಡ್ರುನ್, ಇದನ್ನ ನಾನು ತಗೊಂಡ್ ಹೋಗ್ಲಾ?"

ಅಷ್ಟು ದೊಡ್ಡ ಕಾರಿನವಳು, ಅಷ್ಟು ಮೆತ್ತಗಿನ ಕೋಟಿನವಳು, ಕೇಳಬಾರದ್ದನ್ನು ಕೇಳುವ ಮಗುವಿನಂತೆ ಕೇಳಿದಳು. ಗುಡ್ರುನ್ ಖಾಲಿ ಸಾಸಿವೆ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಗ್ರೇವಿ ತುಂಬಿ, ಮುಚ್ಚಳ ಬಿಗಿದಳು. ಸೆಳೆಖಾನೆಯ ತಳದಿಂದ ಮಡಿಸಿಟ್ಟಿದ್ದ ಕಂದು ಕಾಗದ ತೆಗೆದಳು. ಅದರ ಒಂದು ಮೂಲೆಯಲ್ಲಿ ಇನ್ನೂ ಬ್ರೆಮೆನ್ನಿನ ಅಂಚೆ ಮುದ್ರೆ ಇತ್ತು. ಬಾಟಲಿಯನ್ನು ಸುತ್ತಿ, ಪಶ್ಚಿಮದಿಂದ ಬಂದಿದ್ದ ಹುರಿಯಿಂದಲೇ ಅಡ್ಡ ಉದ್ದ ಕಟ್ಟಿ ಗಂಟು ಹಾಕಿದಳು. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ದಪ್ಪ ಅಕ್ಷರದಲ್ಲಿ ಏನನ್ನೋ ಬರೆದಳು.

ಸಂಜೆ ಕಾರು ಹೊರಡುವಾಗ ಹಿನ್ರಿಖ್ ಪೊಟ್ಟಣವನ್ನು ಡಿಕ್ಕಿಯಲ್ಲಿ ಇಡಲು ಕೈ ಚಾಚಿದ. ಹೆರ್ಟಾ ಕೊಡಲಿಲ್ಲ, ಮಡಿಲಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಎರಡು ಕೈಯಿಂದ ಹಿಡಿದು ಕುಳಿತಳು. ಗಡಿಯಲ್ಲಿ ಕಾವಲಿನ ಹುಡುಗರು ಈಗ ಯಾರನ್ನೂ ತಡೆಯುತ್ತಿರಲಿಲ್ಲ. ಅಕಸ್ಮಾತ್ ತಡೆದರೂ ಓದಿಕೊಳ್ಳಲಿ ಎಂದು ಅವಳು ಬರಹದ ಮಗ್ಗುಲನ್ನು ಗಾಜಿನ ಕಡೆಗೇ ತಿರುಗಿಸಿಕೊಂಡಿದ್ದಳು. ಏಪ್ರನ್ನಿನಲ್ಲೇ ಬೀದಿಗೆ ಬಂದು ನೆಟ್ಟಗೆ ನಿಂತಿದ್ದ ಗುಡ್ರುನ್‌ಗೆ, ಕಾರು ತಿರುವು ದಾಟುವವರೆಗೂ, ತನ್ನದೇ ಅಕ್ಷರಗಳು ಕಾಣುತ್ತಿದ್ದವು: 'ಉಡುಗೊರೆ ಪೊಟ್ಟಣ, ಮಾರಾಟದ ಸರಕಲ್ಲ.'